ನಿಂತ ಕಾರಿನಲ್ಲಿ ವಾರ್ತೆ

ಗೆಳೆಯ ಮರುಳಸಿದ್ಧ,

ಬೀರೂರಿನ ನಿನ್ನ ಮನೆಯ ಪಡಸಾಲೆಯಲ್ಲಿ ನಾವಿಬ್ಬರೂ ಬೆಳಗಿನ ವಾರ್ತೆ ಕೇಳುತ್ತಿದ್ದ ದಿನಗಳು ನೆನಪಾಗುತ್ತವೆ. ವಾಚಕರು ಒಂದು ಒತ್ತಕ್ಷರ ನುಂಗಿದರೂ ನಾನು ಸಿಡುಕುತ್ತಿದ್ದೆ. "ಲೇ ಮೇಷ್ಟ್ರೇ, ಸುದ್ದಿ ಕೇಳೋ. ಅವ್ರಿಗೆ ಮಾರ್ಕ್ಸ್ ಹಾಕ್ಬೇಡ" ಎಂದು ನೀನು ನಗುತ್ತಿದ್ದೆ. ಮುಂದೊಂದು ದಿನ ಡಿಜಿಟಲ್ ಬಾನುಲಿ ಬರುತ್ತದೆ, ಗೊರಗೊರ ಸದ್ದಿರುವುದಿಲ್ಲ, ಅಂತರಜಾಲವೂ ಬೇಕಾಗುವುದಿಲ್ಲ ಎಂದದ್ದೂ ನೀನೇ. ('ಡಿಜಿಟಲ್' ಎಂಬುದಕ್ಕೆ ನನ್ನ ಮನಸ್ಸೊಪ್ಪುವ ಕನ್ನಡ ಪದ ಇನ್ನೂ ದೊರೆತಿಲ್ಲ, ಮನ್ನಿಸು.) ಅಂದು ನಾನು ನಂಬಲಿಲ್ಲ. ಈಗ ಅದು ಬಂದಿದೆ. ಆದರೂ ನನಗೆ ಪೂರ್ತಿ ನಂಬಿಕೆ ಹುಟ್ಟಿಲ್ಲ.

ಹಬ್ಬದ ಮರುದಿನ ಗೌರಮ್ಮನವರು ನನ್ನನ್ನು ಕರೆಸಿಕೊಂಡರು. ನೀನು ನಮ್ಮನ್ನಗಲಿ ಹೋದ ಮೇಲೆ ನಿನ್ನ ಹೆಂಡತಿಯ ಕಣ್ಣು ಇನ್ನಷ್ಟು ಮಂಜಾಗಿದೆ, ಓದಲಾಗುವುದಿಲ್ಲ. ಲೋಕದ ಸುದ್ದಿಯೆಲ್ಲ ನಿನ್ನ ಆ ಹಳೆಯ ಬಾನುಲಿ ಪೆಟ್ಟಿಗೆಯಿಂದಲೇ ಬರಬೇಕು. ಪಕ್ಕದ ಮನೆಯವರು ಸೌರಫಲಕ ಹಾಕಿಸಿದಂದಿನಿಂದ ಪೆಟ್ಟಿಗೆ ಒಳಗೆ ಜೇನುಹುಳು ಹೊಕ್ಕಂತೆ ಗುಂಯ್‌ಗುಡುತ್ತದೆ. ಸಾಲದೆಂಬಂತೆ, ಹಳೆಯ ಪ್ರಸಾರವನ್ನೇ ನಿಲ್ಲಿಸುತ್ತಾರೆಂಬ ಮಾತೂ ಹಬ್ಬಿದೆ. ನಿನ್ನ ತಮ್ಮನ ಮಗ ಶಿವು ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡಿಕೊಂಡು ಈಗ ನಿಮ್ಮ ಮನೆಯಲ್ಲೇ ಇದ್ದಾನೆ. ಪೆಟ್ಟಿಗೆಯನ್ನು ಗುಜರಿಗೆ ಹಾಕಿ, ವಾರ್ತೆಯನ್ನು ಮೊಬೈಲಿನಲ್ಲೇ ಕೇಳಿಸುತ್ತೇನೆಂದು ಅವನ ಹಟ. "ನೀವು ಹೇಳ್ದಂಗೆ ಮಾಡ್ತೀನಿ ಮೇಷ್ಟ್ರೇ. ಕೊಡ್ಲಾ, ಬ್ಯಾಡ್ವಾ?" ಎಂದರು ಗೌರಮ್ಮನವರು.

ಮೊಬೈಲಿನ ಬಾನುಲಿ ಮೊದಲ ಸಲ ಬಾಯಿಬಿಟ್ಟ ಗಳಿಗೆಯನ್ನು ನೀನು ನೋಡಬೇಕಿತ್ತು. ವಾರ್ತೆ ಹೇಳುವ ಮೊದಲೇ ಅದು ಅವರ ಹೆಸರು, ಹುಟ್ಟಿದ ವರ್ಷ, ಇರುವ ಊರು ಎಲ್ಲವನ್ನೂ ವಿಚಾರಿಸಿತು. "ಅಯ್ಯೋ, ಹೆಣ್ಣು ನೋಡೋಕೆ ಬಂದೋರಂಗೆ ಕೇಳ್ತೈತಲ್ಲೋ!" ಎಂದು ಅವರು ಗಾಬರಿಯಾದರು. "ಎಲ್ಲಾ ಹಂಗೇ ದೊಡ್ಡಮ್ಮ, ಒಪ್ಕೊಂಡ್ರೆ ಮುಗೀತು" ಎಂದ ಶಿವು. ಮರುದಿನ ಅವರು ನನ್ನೊಡನೆ ಮಂಡಿನೋವಿನ ಮಾತಾಡಿದರು. ಸ್ವಲ್ಪ ಹೊತ್ತಿಗೇ, ವಚನಗಾಯನದ ನಡುವೆ, ಮಂಡಿನೋವಿನ ಎಣ್ಣೆಯ ಜಾಹೀರಾತು! ಕಾಕತಾಳೀಯವಂತೆ. ನೀನಾದರೂ ಒಪ್ಪುತ್ತೀಯಾ? ನಿನ್ನ ಪೆಟ್ಟಿಗೆಯ ಮುಂದೆ ನಾವು ಎಷ್ಟು ಜಗಳವಾಡಿಲ್ಲ, ಯಾರ ಯಾರ ಮೇಲೆ ಚಾಡಿ ಹೇಳಿಲ್ಲ... ಅದು ಒಂದನ್ನಾದರೂ ಹೊರಗೆ ಒಯ್ದಿತೇ?

ನಿನ್ನ ಡಿಜಿಟಲ್ ಪ್ರಸಾರವನ್ನು ನಾನು ಮೊದಲು ಕೇಳಿದ್ದು ನಿನ್ನ ಅಂಗಳದಲ್ಲಿಯೇ, ನಿಂತ ಕಾರಿನೊಳಗೆ. ಶಿವುವಿನ ಹೊಸ ಕಾರಿನಲ್ಲಿ ಆ ಸೌಲಭ್ಯವಿರುವುದು ಅವನಿಗೇ ತಿಳಿದಿರಲಿಲ್ಲ; ಏನನ್ನೋ ಒತ್ತುತ್ತಿದ್ದಾಗ ಸಿಕ್ಕಿತು. ಗೌರಮ್ಮನವರು ಮುಂದೆ ಕುಳಿತರು, ನಾನು ಹಿಂದೆ. ನೀನು ಹೇಳಿದ್ದು ನಿಜ, ಮರುಳಸಿದ್ಧ. ವಾಚಕಿ ಉಸಿರೆಳೆದದ್ದೂ ಕೇಳಿಸಿತು. ಅದು ನಮ್ಮ ಹೆಸರನ್ನೂ ಕೇಳಲಿಲ್ಲ. ಹಾಲಿನ ನಂಜಪ್ಪ ಕಿಟಕಿಗೆ ಬಗ್ಗಿ, "ಎಲ್ಲಿಗ್ ಹೊರಟ್ರಿ ಮೇಷ್ಟ್ರೇ?" ಎಂದ. "ಎಲ್ಲಿಗೂ ಇಲ್ಲ, ವಾರ್ತೆ ಕೇಳುತ್ತಿದ್ದೇವೆ." "ಅದಕ್ಕೂ ಕಾರಾ? ದೊಡ್ಡೋರು ಬಿಡಿ!"

ಅಂದೇ ಇನ್ನೊಂದನ್ನು ಗಮನಿಸಿದೆ. ಒಂದೇ ಮಾತು ಪಡಸಾಲೆಯ ಪೆಟ್ಟಿಗೆಯಲ್ಲಿ ಮೊದಲು ಬಂತು, ಆಮೇಲೆ ಕಾರಿನಲ್ಲಿ, ಎಲ್ಲಕ್ಕೂ ಕೊನೆಗೆ ಮೊಬೈಲಿನಲ್ಲಿ. ಧ್ವನಿಯನ್ನು ಚೂರು ಮಾಡಿ, ಕಟ್ಟಿ ಕಳಿಸಿ, ಮತ್ತೆ ಜೋಡಿಸಲು ಅಷ್ಟು ಹೊತ್ತು ಹಿಡಿಯುತ್ತದೆಂದು ಶಿವು ವಿವರಿಸಿದ. ಆ ಹೊತ್ತಿನಲ್ಲಿ, ನಡುವೆ ಕುಳಿತವರು ಏನೂ ಮಾಡುವುದಿಲ್ಲವೆಂದು ಹೇಗೆ ನಂಬಲಿ? ನನ್ನ ತಕರಾರು ಕೇಳಿ ಕೇಳಿ ಗೌರಮ್ಮನವರು ರೇಗಿದರು. "ಯಾವ್ದು ಮೊದ್ಲು ಬಂತು ಅನ್ನೋದ್ನ ಕಟ್ಕೊಂಡು ನಂಗೇನಾಗ್ಬೇಕು ಮೇಷ್ಟ್ರೇ? ಕೊನೇಗೆ ಯಾವ್ದು ಉಳೀತೈತೆ, ಅದ್ ಹೇಳಿ."

ಕಾರಿನಲ್ಲಿರುವಂಥದ್ದೇ ಒಂದನ್ನು ಮನೆಗೆ ತರೋಣವೆಂದು ನಾನು ಅಂಗಡಿಗಳನ್ನು ಅಲೆದದ್ದುಂಟು. ಬೀರೂರಿನಲ್ಲಿ ಇಲ್ಲ, ಕಡೂರಿನಲ್ಲಿ ಇಲ್ಲ. ತರೀಕೆರೆಯ ಅಂಗಡಿಯವನು, "ಅದು ಕಾರಲ್ಲೇ ಬರೋದು ಕಣ್ರೀ ಯಜಮಾನ್ರೇ. ಒಂದ್ ಕಾರ್ ತಗೊಂಬಿಡಿ, ರೇಡಿಯೋ ಫ್ರೀ!" ಎಂದು ನಕ್ಕ. ನನಗೆ ನಗು ಬರಲಿಲ್ಲ. ಸ್ವಚ್ಛವಾದ ಧ್ವನಿ ಕಾರುಳ್ಳವರಿಗೆ; ಉಳಿದವರಿಗೆ? ಹಳೆಯದನ್ನು ನಿಲ್ಲಿಸುವ ಮಾತಾಡುವವರು ಗೌರಮ್ಮನಂಥವರನ್ನು ನೆನೆದಿದ್ದಾರೆಯೇ? ಅಥವಾ, ಬೇರೆ ದಾರಿಯಿಲ್ಲದೆ ಎಲ್ಲರೂ ಹೆಸರು, ಊರು ವಿಚಾರಿಸುವ ಆ ಯಂತ್ರದ ಬಳಿಗೇ ಬಂದು ಬೀಳಲಿ ಎಂದು... ಬೇಡ, ಬರೆಯಲಾರೆ.

ನಿನ್ನೆ ಬೆಳಿಗ್ಗೆ ಕಾರಿನಲ್ಲಿ ವಾರ್ತೆ ಕೇಳುತ್ತಿದ್ದಾಗಲೇ ಶಿವುವಿಗೆ ಅಜ್ಜಂಪುರದಿಂದ ಕರೆ ಬಂತು. ಲಾರಿ ಕಾಯುತ್ತಿದೆ, ಅವನು ಹೊರಡಬೇಕು. ವಾಚಕಿಯ ವಾಕ್ಯ ಇನ್ನೂ ಮುಗಿದಿರಲಿಲ್ಲ. ಗೌರಮ್ಮನವರು ಕಾರಿನಿಂದಿಳಿದು, ಗೋಡೆ ಹಿಡಿದು ಒಳಗೆ ನಡೆದು, ನಿನ್ನ ಪೆಟ್ಟಿಗೆಯ ತಿರುಪು ತಿರುಗಿಸಿ, ಆ ಗುಂಯ್‌ಗಾಟಕ್ಕೇ ಕಿವಿ ತಾಗಿಸಿ ಕುಳಿತುಬಿಟ್ಟರು. ಬಾಗಿಲಲ್ಲಿ ನಿಂತು ನೋಡಿದ ಶಿವು, "ಗುಜರಿಯೋನಿಗೆ ಬರ್ಬೇಡ ಅಂತೀನಿ ಬಿಡು ದೊಡ್ಡಮ್ಮ" ಎಂದು ಹೊರಟುಹೋದ.

ನಾನೂ ಅವರಿಗೆ ಹೇಳಿದೆ: "ಕೊಡಬೇಡಿ ಗೌರಮ್ಮ. ಪ್ರಸಾರ ಇರುವಷ್ಟು ದಿನ ಅದು ಇಲ್ಲೇ ಇರಲಿ. ಅದು ನಿಂತರೆ ಪ್ರತಿದಿನ ಪತ್ರಿಕೆ ತಂದು ನಾನೇ ಓದಿ ಹೇಳುತ್ತೇನೆ."

ಅವರು ಪೆಟ್ಟಿಗೆಯಿಂದ ಕಿವಿ ತೆಗೆಯಲಿಲ್ಲ. "ಓದ್ತೀರಾ, ಸರಿ. ನೀವು ಎಷ್ಟು ದಿನ ಇರ್ತೀರಾ ಮೇಷ್ಟ್ರೇ?" ಎಂದರು.

ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಎದ್ದು ಬಂದೆ. ಇಂದು ಹೋಗುತ್ತೇನೆ, ಮರುಳಸಿದ್ಧ.

ಇನ್ನೂ ಇಲ್ಲೇ ಇರುವ,
ನಿನ್ನ ಮೇಷ್ಟ್ರು