ಬೇಕೋ ಬೇಡವೋ ನೀನೇ ಹೇಳು

ಕಂಕನಾಡಿ
೧೩ ಜೂನ್ ೨೦೨೫, ಶುಕ್ರವಾರ ಮಧ್ಯಾಹ್ನ

ಸಿಟ್ಟಿದ್ದರೂ ಪ್ರೀತಿಯ ಎಂದೇ ಬರೆಯಬೇಕಾದ ಮಗಳು ನಿರೀಕ್ಷಾಳಿಗೆ,

ಇಲ್ಲಿ ಎಲ್ಲ ಕ್ಷೇಮ, ನನ್ನ ತಲೆಯೊಂದನ್ನು ಬಿಟ್ಟು. ಇಲ್ಲೇ ನಂತೂರಿನ ಮಾವನ ಮನೆಗೆ ಎರಡು ಜೊತೆ ಬಟ್ಟೆ ಹಿಡಿದುಕೊಂಡು ಹೋಗಿ, ಕಡಲಾಚೆಗೆ ಹೋದವಳ ಹಾಗೆ ಫೋನು ಆಫ್ ಮಾಡಿ ಕೂತಿದ್ದೀಯಲ್ಲ, ಅದಕ್ಕೇ ಈ ಕಾಗದ. ನಿನ್ನ ಮಾವ ಮುಖೇಶನ ಫೋನಿಗೆ ಮಾಡಿದರೆ ಅವನು ಸ್ಪೀಕರ್ ಹಾಕುತ್ತಾನೆ. ಅವನ ಮನೆಯೆದುರಿನ ಲಾರಿಗಳ ಹಾರ್ನಿನ ನಡುವೆ ನಾನು ಬೊಬ್ಬೆ ಹಾಕಬೇಕು, ಅವನ ಹೆಂಡತಿ ಅಡುಗೆ ಮನೆಯಿಂದಲೇ ಅಭಿಪ್ರಾಯ ಹೇಳಬೇಕು. ಬೇಡ. ನಿನ್ನ ಗೆಳತಿ ಟಾನ್ಯಾ ಆ ಕಡೆ ಬರುತ್ತಾಳಂತೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ದೂರದೂರಿನ ವಿಶ್ವವಿದ್ಯಾಲಯದವರು ನಿನಗೆ ನಾಟಕದ ಎಂ.ಎ.ಗೆ ಸೀಟು ಕೊಟ್ಟಿದ್ದಾರೆ. ಬರುತ್ತೇನೆ ಎಂದು ಸೋಮವಾರದೊಳಗೆ ತಿಳಿಸದಿದ್ದರೆ ಅದು ಇನ್ನೊಬ್ಬರ ಪಾಲು. ವಿಷಯ ಇಷ್ಟೇ. ಇಷ್ಟಕ್ಕೆ ಎಷ್ಟು ಜನರನ್ನು ಕೇಳಿದಿ ಮಾರಾಯ್ತಿ! ದುಬಾಯಿಯಲ್ಲಿರುವ ಅಪ್ಪನನ್ನು ಕೇಳಿದಿ. ಅವರು ಅಮ್ಮ ಹೇಳಿದ ಹಾಗೆ ಅಂದರು. ನನ್ನನ್ನು ಕೇಳಿದಿ, ನಾನು ನಿನ್ನಿಷ್ಟ ಅಂದೆ. ಸಾಲದ್ದಕ್ಕೆ ಮಾವನನ್ನು ಕೇಳಿದಿ. ನಮ್ಮಲ್ಲಿ ಸೋದರಮಾವನನ್ನು ಕೇಳದೆ ಮದುವೆ ನಿಶ್ಚಯ ಮಾಡುವುದಿಲ್ಲ, ಸರಿ. ಹಾಗಂತ ಅವನಿಗೆ ಎಲ್ಲವೂ ಗೊತ್ತಿರಬೇಕೆಂದು ಉಂಟಾ? ಅವನು ನಾಟಕಕ್ಕೆ ಹೋದದ್ದು ಪುಕ್ಕಟೆ ಪಾಸು ಸಿಕ್ಕಿದಾಗ ಮಾತ್ರ. ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರು ಅಂದನಂತೆ. ನೀನು ಅದಕ್ಕೂ ತಲೆ ಆಡಿಸಿದಿಯಂತೆ.

ನಿನ್ನ ಮನಸ್ಸು ನನಗೆ ಗೊತ್ತಿಲ್ಲವಾ? ಯಾರಾದರೂ ಗಟ್ಟಿಯಾಗಿ ಬೇಡ ಅನ್ನಲಿ ಎಂದು ಕಾಯುತ್ತಿದ್ದೀ. ಆಮೇಲೆ ಜನ್ಮವಿಡೀ ಅಮ್ಮ ಬಿಡಲಿಲ್ಲ ಎಂದು ಹೇಳಿಕೊಂಡು ತಿರುಗಬಹುದು. ಅದಕ್ಕೆ ನಾನು ಸಿಗುವವಳಲ್ಲ.

ಇದೆಲ್ಲ ಶುರುವಾದದ್ದು ಪುರಭವನದ ಆ ನಾಟಕ ಸ್ಪರ್ಧೆಯಿಂದ. ದಿನಾ ಸಂಜೆ ನೀನು ನಿನ್ನ ಮಾತು ಬಾಯಿಪಾಠ ಮಾಡುತ್ತಿದ್ದಿ, ನಾನು ರವಿಕೆಗಳಿಗೆ ಹುಕ್ಕು ಹೊಲಿಯುತ್ತಾ ಎದುರಿನವರ ಮಾತು ಹೇಳುತ್ತಿದ್ದೆ. ನಾಟಕ ಕನ್ನಡದ್ದು. ಪುಸ್ತಕದ ಕನ್ನಡವನ್ನು ಬಾಯಿ ತುಂಬ ಹೇಳಲು ನನಗೆ ನಾಚಿಕೆ, ಹಾಗಾಗಿ ಎಲ್ಲವನ್ನೂ ತುಳು ಮಾಡಿ ಹೇಳುತ್ತಿದ್ದೆ. ಸ್ಪರ್ಧೆಯ ದಿನ ನೀನು ನಡುವೆ ಮಾತು ಮರೆತು ನಿಂತಾಗ, ಮನೆಯಲ್ಲಿ ಕೂತವಳ ಹಾಗೆ, ನಾಟಕದ ನೆರೆಮನೆ ಹೆಂಗಸಿನ ಪ್ರಶ್ನೆಯನ್ನು ಪ್ರೇಕ್ಷಕರ ನಡುವಿನಿಂದ ತುಳುವಿನಲ್ಲಿ ಕೇಳಿಬಿಟ್ಟೆ. ಸಭೆಗೆ ಸಭೆಯೇ ತಿರುಗಿ ನೋಡಿತು. ಭೂಮಿ ಬಾಯಿ ಬಿಡಬಾರದಾ ಅನಿಸಿತು. ನೀನು ಮಾತ್ರ ಸೊಂಟಕ್ಕೆ ಕೈ ಕೊಟ್ಟು, ಆ ಹೆಂಗಸು ಅಲ್ಲೇ ಬೇಲಿಯಾಚೆ ನಿಂತಿದ್ದಾಳೋ ಎಂಬಂತೆ, ನನ್ನನ್ನು ತುಳುವಿನಲ್ಲೇ ಜಾಡಿಸಿದಿ. ಅವಳ ಕೋಳಿಯ ಕಥೆ, ಅವಳ ಗಂಡನ ಕಥೆ, ಒಂದೂ ಪುಸ್ತಕದಲ್ಲಿ ಇರಲಿಲ್ಲ. ಜನ ನಕ್ಕು ನಕ್ಕು ಸುಸ್ತಾದ ಮೇಲೆ ಮೆಲ್ಲ ಕನ್ನಡಕ್ಕೆ ವಾಪಸು ಬಂದಿ. ತೀರ್ಪುಗಾರರು ಅದೂ ನಾಟಕದ್ದೇ ಎಂದು ತಿಳಿದು ಶ್ರೇಷ್ಠ ನಟಿ ಬಹುಮಾನ ಕೊಟ್ಟರು.

ಅಂದಿನಿಂದ ನಿನ್ನದು ಒಂದೇ ರಾಗ. ಅದು ಮೋಸದ ಬಹುಮಾನ, ಅಮ್ಮನಿಂದ ಸಿಕ್ಕಿದ್ದು, ನಿನಗೆ ನಟನೆ ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಚಂದ ಕುಣಿದು ಬಂದೂ ನೆಲ ಡೊಂಕು ಅನ್ನುತ್ತೀಯಲ್ಲ, ನಿನಗೆ ಎಂತ ಹೇಳುವುದು! ನಾನು ಹೇಳಿದ್ದು ಒಂದು ಮಾತು. ಉಳಿದದ್ದನ್ನೆಲ್ಲ ಹೇಳಿದ್ದು ಯಾರು, ಮುಖೇಶನಾ?

ನಾಟಕ ಕಲಿತರೆ ಮುಂದೆ ಎಂತ ಕೆಲಸ ಸಿಗುತ್ತದೆ, ನನಗೆ ಗೊತ್ತಿಲ್ಲ. ಹೆದರಿಕೆ ಉಂಟು, ಇಲ್ಲವೆಂದರೆ ಸುಳ್ಳಾಗುತ್ತದೆ. ನೀನು ಹೋದ ಮೇಲೆ ಆ ಸಂಜೆಗಳಲ್ಲಿ ನಾನು ಯಾರ ಹತ್ತಿರ ಮಾತಾಡುವುದು ಎಂಬ ಸಂಕಟವೂ ಉಂಟು. ಆದರೆ ಅದು ನನ್ನದು, ನಾನು ನೋಡಿಕೊಳ್ಳುತ್ತೇನೆ. ನಾಟಕವೇ ಬೇಕಾದರೆ ಹೋಗು. ಬ್ಯಾಂಕೇ ಬೇಕಾದರೆ ಅದನ್ನು ನಿನ್ನ ಬಾಯಿಯಿಂದ ಹೇಳು, ನಾನು ಒಂದು ಮಾತೂ ಆಡುವುದಿಲ್ಲ. ಆಡಿದರೂ ಸ್ವಲ್ಪವೇ.

ಮುಖೇಶನ ಮನೆಯಲ್ಲಿ ಬೆಳಗಿನ ತಿಂಡಿ ತಡ. ಸಂಕೋಚ ಮಾಡಿಕೊಂಡು ಹಸಿದು ಕೂರಬೇಡ.

ಇಂತಿ, ಸಿಟ್ಟು ಇನ್ನೂ ಇಳಿಯದ
ನಿನ್ನ ಅಮ್ಮ
ಕುಶಲಾ

ಮತ್ತೊಂದು: ಬೆಂಗ್ರೆಯಲ್ಲಿ ತುಳು ನಾಟಕ ಆಡಿಸುವ ಮಾಯಿಲಪ್ಪಣ್ಣ ಆ ದಿನ ಪುರಭವನದಲ್ಲಿ ಇದ್ದರಂತೆ. ನಿನ್ನೆ ನಮ್ಮ ಅಂಗಡಿಗೆ ಬಂದರು. ಡ್ರೆಸ್ ಹೊಲಿಸಲಿಕ್ಕೆ ಎಂದುಕೊಂಡು ನಾನು ಟೇಪು ತೆಗೆದೆ. ಅವರ ಹೊಸ ನಾಟಕದಲ್ಲಿ ಅತ್ತೆಯ ಪಾರ್ಟು ನಾನು ಮಾಡಬೇಕಂತೆ. ಹೂಂ ಅಂದೆ. ನಿನ್ನ ಅಪ್ಪನನ್ನು ಕೇಳಲಿಲ್ಲ, ಮುಖೇಶನನ್ನು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಅವರು ಹೋದ ಮೇಲೆ ಒಂದು ರವಿಕೆಯ ಹುಕ್ಕುಗಳನ್ನೆಲ್ಲ ಉಲ್ಟಾ ಹೊಲಿದು ಮತ್ತೆ ಬಿಚ್ಚಿದೆ. ಆದರೂ ಫೋನು ಮಾಡಿ ಆಗುವುದಿಲ್ಲ ಎಂದು ಹೇಳಲಿಲ್ಲ.