ಜಗಲಿಯ ಮೇಲಿನ ಬೂಚು

ಜನವರಿ ೧೮, ಭಾನುವಾರ, ಅಮಾವಾಸ್ಯೆ

ಆ ಹಿತ್ತಾಳೆ ಬೂಚು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಟ್ರ್ಯಾಕ್ಟರಿಗೆ ಮಾಡುವಂತೆ ಬೋಟಿಗೂ ಅಮಾವಾಸ್ಯೆ ಪೂಜೆ ಆಗಬೇಕೆಂದು ಹಟ ಹಿಡಿದವನು ನಾನೇ. ಬೆಳಿಗ್ಗೆ ಬೋಟು ತೊಳೆದು, ನೀರು ಬಸಿಯಲೆಂದು ತಳದ ತೂತಿನ ಬೂಚು ಬಿಚ್ಚಿದೆ. ಅದಕ್ಕೂ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟೆ. ಅಲ್ಲೇ ಮರೆತೆ.

ಕಾರವಾರದಿಂದ ಬೋಟು ತಂದು ಏಳು ತಿಂಗಳಾಯಿತು. ಹೆಂಡತಿ ನಾಗರತ್ನಾ ಹತ್ತಲು ಒಪ್ಪಿದ್ದು ಇವತ್ತೇ ಮೊದಲು. ಕೆರೆಯ ನಡುವೆ ಹೋದಾಗ, "ಕಾಲಾಗ ನೀರು ಬರಾಕತ್ತಾವಲ್ರೀ" ಅಂದಳು.

"ಮುಂಜಾನೆ ತೊಳದದ್ದ ನೀರದು, ಸುಮ್ನ ಕುಂದರು" ಎಂದು ಗದರಿದೆ.

ಪಾದ ಮುಳುಗಿದಾಗ ನೆನಪಾಯಿತು. ಎಂಜಿನ್ ಜೋರು ಮಾಡಿ ದಡಕ್ಕೆ ತಿರುಗಿಸಿದೆ. ಅವಳು ಬುತ್ತಿ ಡಬ್ಬಿಯಿಂದ ನೀರು ಮೊಗೆದು ಹಾಕುತ್ತಲೇ ಇದ್ದಳು. ಒಂದು ಮಾತೂ ಬೈಯಲಿಲ್ಲ.

ಸಂಜೆ ದೀಪ ಹಚ್ಚಿ, "ದ್ಯಾವ್ರ ಕಾಯ್ದ ನೋಡ್ರಿ" ಎಂದು ಜಗಲಿಗೆ ಕೈಮುಗಿದಳು. ವಿಭೂತಿ ಹಚ್ಚಿದ ಬೂಚಿಗೂ ಒಂದು ಹೂ ಏರಿಸಿದಳು. "ಇದ್ಯಾವ ದ್ಯಾವ್ರರೀ, ನೀವು ತಂದಿಟ್ಟದ್ದು?"

ಬೋಟಿನ ಬೂಚೆಂದು ಹೇಳಿದರೆ ಇನ್ನೆಂದೂ ಬೋಟು ಹತ್ತಲಾರಳು. ಹೇಳದಿದ್ದರೆ, ಬರುವ ಭಾನುವಾರ ಬೋಟು ನೀರಿಗಿಳಿಸಲು ಅವಳೆದುರು ಅದನ್ನು ಜಗಲಿಯಿಂದ ಎತ್ತುವುದಾದರೂ ಹೇಗೆ?