ಒಂಟಿಕಾಲಿನ ಹುಂಜ

ಮತೇರಾ, ಗುರುವಾರ

ಪ್ರೀತಿಯ ಅಮ್ಮ,

ನೀನು "ಬಿಲ" ಎಂದು ಹೇಸಿ ಬಿಟ್ಟುಹೋದ ನಮ್ಮ ಗುಹೆಮನೆಯ ನೆಲವನ್ನು ನಿನ್ನೆ ಅಗೆಸಿದೆ. ಅಡಿಯಲ್ಲಿ, ಯಾವ ಕಾಲದಲ್ಲೋ ಮುಚ್ಚಿಹೋದ, ಇಗರ್ಜಿಯಷ್ಟು ಎತ್ತರದ ನೀರಿನ ತೊಟ್ಟಿಯಿದೆ! ದೀಪ ಹಿಡಿದು ಇಳಿದ ಮೇಸ್ತ್ರಿ ವಿತೊ ಟೋಪಿ ತೆಗೆದುಬಿಟ್ಟ. "ಬರೀ ಉಳೀಲಿ ಬಂಡೆ ಕೊರ್ದಿದಾರೆ ಕಣಕ್ಕ! ಇದನ್ನ ಬಿಲ ಅಂದೋರ ಬಾಯಿಗೆ ಮಣ್ಣಾಕ" ಎಂದ. ನಾನು ನಿನ್ನ ಹೆಸರು ಹೇಳಲಿಲ್ಲ.

ತೊಟ್ಟಿಯ ಗೋಡೆಯಲ್ಲಿ ಒಂಟಿಕಾಲಿನ ಹುಂಜ ಕೆತ್ತಿದ್ದಾರೆ. ಊರಿಗೆಲ್ಲ ಒಂದೇ ಆಗಿದ್ದ ಒಲೆಗೆ ಸುಡಲು ಕಳಿಸುವ ರೊಟ್ಟಿ ನಮ್ಮದೆಂದು ಗುರುತಾಗಲು ಅಪ್ಪನ ಮನೆಯವರು ಹಿಟ್ಟಿಗೆ ಒತ್ತುತ್ತಿದ್ದ ಮರದ ಮುದ್ರೆಯ ಹುಂಜವೇ ಅದು. "ಇನ್ನೊಂದು ಕಾಲು ಕೆತ್ತೋಕೂ ಬರದ ವಂಶ" ಎಂದು ನೀನು ಅಪ್ಪನನ್ನು ಆಡಿಕೊಳ್ಳುತ್ತಿದ್ದೆಯಲ್ಲ, ಆ ವಂಶವೇ ಈ ತೊಟ್ಟಿಯನ್ನೂ ಕೊರೆದಿದೆಯಮ್ಮ.

ಭಾನುವಾರ ಬಾ. ಮೆಟ್ಟಿಲು ಬಹಳ, ಮೊಣಕಾಲಿಗೆ ಪಟ್ಟಿ ಕಟ್ಟಿಕೋ. ಎಸೆದೆ ಎಂದಿದ್ದ ಮುದ್ರೆ ನಿನ್ನ ಹೊಲಿಗೆ ಪೆಟ್ಟಿಗೆಯ ತಳದಲ್ಲಿರುವುದನ್ನು ನಾನು ನೋಡಿದ್ದೇನೆ, ಅದನ್ನೂ ತಾ.

ನಿನ್ನ ಮಗಳು,
ಗ್ರಾಸಿಯೆಲ್ಲಾ